ಕ್ವೇಕರ್‌ಗಳಿಗೆ ಹಬ್ಬವೇ ಇಲ್ಲವಾ? ಹಾಗಾದರೆ ಅವರ ವರ್ಷ ಹೇಗೆ ಸಾಗುತ್ತದೆ?

ಪ್ರಶ್ನೆ: ನಮ್ಮ ಮಗಳು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದಾಳೆ. ಪಕ್ಕದ ಮನೆಯವರು ಕ್ವೇಕರ್ ಪಂಗಡದವರು, ತುಂಬ ಒಳ್ಳೆಯ ಜನ. ಕ್ವೇಕರ್‌ಗಳಿಗೆ ಕ್ರಿಸ್‌ಮಸ್, ಈಸ್ಟರ್ ಏನೂ ಇಲ್ಲ ಎಂದು ಯಾರೋ ಹೇಳಿದರು. ಕ್ರೈಸ್ತರಿಗೆ ಕ್ರಿಸ್‌ಮಸ್ ಇಲ್ಲ ಅಂದರೆ ಹೇಗೆ? ಹಬ್ಬ ಇಲ್ಲದೆ ವರ್ಷವಿಡೀ ಏನು ಮಾಡುತ್ತಾರೆ? ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಹೋಗುತ್ತಿದ್ದೇವೆ. ಅವರಿಗೆ ಶುಭಾಶಯ ಹೇಳಬಹುದಾ?

ಉತ್ತರ: ಹೇಳಬಹುದು, ಧಾರಾಳವಾಗಿ ಹೇಳಿ. ಈಗ ಇಂಗ್ಲೆಂಡಿನ ಬಹಳಷ್ಟು ಕ್ವೇಕರ್ ಮನೆಗಳಲ್ಲಿ ಕ್ರಿಸ್‌ಮಸ್ ಊಟ, ಮಕ್ಕಳಿಗೆ ಉಡುಗೊರೆ ಎಲ್ಲ ಇರುತ್ತದೆ. ಆದರೆ ನಿಮಗೆ ಯಾರೋ ಹೇಳಿದ ಮಾತೂ ಸುಳ್ಳಲ್ಲ. ಹಿಂದಿನ ಕ್ವೇಕರ್‌ಗಳು ಡಿಸೆಂಬರ್ 25ರಂದು ಬೇಕೆಂದೇ ಅಂಗಡಿ ತೆರೆದು ಕೂರುತ್ತಿದ್ದರು. ಅದಕ್ಕಾಗಿ ಊರವರ ಬೈಗುಳ, ಕಿರುಕುಳ ಎರಡನ್ನೂ ತಿಂದರು. ಅವರ ಬರಹಗಳಲ್ಲಿ ಆ ದಿನಕ್ಕೆ 'ಕ್ರಿಸ್‌ಮಸ್ ಎಂದು ಕರೆಯುವ ದಿನ' ಅಂತಲೇ ಹೆಸರು. ಹೀಗೇಕೆ ಹಟ ಹಿಡಿದರು ಎಂಬುದು ತಿಳಿದರೆ ಅವರ ವರ್ಷವೂ ತಾನಾಗಿ ಅರ್ಥವಾಗುತ್ತದೆ.

ಕಥೆ ಶುರುವಾಗುವುದು ಒಂದು ಜಾತ್ರೆಯಲ್ಲಿ. 1652ರ ಜೂನ್. ಇಂಗ್ಲೆಂಡಿನ ಉತ್ತರಕ್ಕೆ ಸೆಡ್‌ಬರ್ ಎಂಬ ಊರು. ಸುತ್ತ ಬೋಳು ಬೆಟ್ಟ, ಬೆಟ್ಟದ ತುಂಬ ಕುರಿ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದ ಹೊತ್ತಿಗೆ ಅಲ್ಲಿ ಕೂಲಿ ಜಾತ್ರೆ ನಡೆಯುತ್ತಿತ್ತು. ಕೆಲಸ ಬೇಕಾದ ಆಳುಗಳು ಬಂದು ನಿಲ್ಲುವುದು, ಆಳು ಬೇಕಾದ ರೈತರು ಬಂದು ಸಂಬಳ ಗೊತ್ತು ಮಾಡುವುದು. ಆ ಜನರ ನಡುವೆ ನಿಂತು ಜಾರ್ಜ್ ಫಾಕ್ಸ್ ಎಂಬ ಇಪ್ಪತ್ತೇಳು ವರ್ಷದ ಯುವಕ, ಕ್ವೇಕರ್ ಪಂಗಡ ಕಟ್ಟಿದವನು, ಮಾತಾಡಿದ. ಮುಂದಿನ ಭಾನುವಾರ ಹತ್ತಿರದ ಫರ್‌ಬ್ಯಾಂಕ್ ಗುಡ್ಡದ ಮೇಲೆ ಒಂದು ಬಂಡೆ ಹತ್ತಿ ಮತ್ತೆ ಮಾತಾಡಿದ. ಸುಮಾರು ಸಾವಿರ ಜನ ಸೇರಿದ್ದರು, ಮೂರು ಗಂಟೆ ಕೇಳಿದರು. ಪಕ್ಕದಲ್ಲೇ ಪ್ರಾರ್ಥನಾ ಮಂದಿರ ಇತ್ತು. ಆತ ಒಳಗೆ ಹೋಗಲಿಲ್ಲ. ಈ ಬೆಟ್ಟದ ನೆಲಕ್ಕಿಂತ ಆ ಕಟ್ಟಡದ ನೆಲ ಪವಿತ್ರವೇನಲ್ಲ ಎಂಬುದೇ ಆತನ ವಾದ.

ಅದೇ ಮಾತನ್ನು ಮುಂದಕ್ಕೆ ಎಳೆಯಿರಿ. ಒಂದು ಜಾಗ ಇನ್ನೊಂದಕ್ಕಿಂತ ಪವಿತ್ರವಲ್ಲ ಅಂದಮೇಲೆ ಒಬ್ಬ ಮನುಷ್ಯ ಇನ್ನೊಬ್ಬನಿಗಿಂತ ಪವಿತ್ರ ಆಗುವುದು ಹೇಗೆ? ಹಾಗಾಗಿ ಪಾದ್ರಿ ಬೇಡ. ಒಂದು ದಿನ ಇನ್ನೊಂದು ದಿನಕ್ಕಿಂತ ಮೇಲಾಗುವುದು ಹೇಗೆ? ಹಾಗಾಗಿ ಹಬ್ಬ ಬೇಡ. ಹಬ್ಬ ಬಿಟ್ಟದ್ದು ಸಂತೋಷದ ಮೇಲಿನ ಸಿಟ್ಟಿಗಲ್ಲ. ಯೇಸುವನ್ನು ಡಿಸೆಂಬರಿನಲ್ಲಿ ಒಂದು ದಿನ ನೆನೆದು ಉಳಿದ ದಿನ ಮರೆಯುವುದು ಅವರಿಗೆ ಸರಿಕಾಣಲಿಲ್ಲ. ಮಂಗಳವಾರದ ಮಧ್ಯಾಹ್ನಕ್ಕೂ ಅಷ್ಟೇ ಬೆಲೆ ಇರಲಿ ಅಂದರು.

ಎಲ್ಲ ಮನುಷ್ಯರೂ ಸಮ ಎಂಬ ಮಾತನ್ನು ಕನ್ನಡದವರಿಗೆ ವಿವರಿಸುವುದು ಸುಲಭ, ಯಾಕಂದರೆ ನಮ್ಮಲ್ಲಿ 'ನೀನು', 'ನೀವು' ಎರಡೂ ಇವೆ. ಆಗಿನ ಇಂಗ್ಲಿಷಿನಲ್ಲೂ ಇದ್ದವು. ದೊಡ್ಡವರಿಗೆ 'ಯೂ', ಆಳುಕಾಳುಗಳಿಗೆ 'ದೌ'. ಕ್ವೇಕರ್‌ಗಳು ಎಲ್ಲರಿಗೂ 'ದೌ' ಅಂದರು. ಜಮೀನ್ದಾರನಿಗೂ 'ನೀನು', ನ್ಯಾಯಾಧೀಶನಿಗೂ 'ನೀನು'. ನಮ್ಮ ಕೋರ್ಟಿನಲ್ಲಿ ಹಾಗೆ ಕರೆದರೆ ಏನಾದೀತು, ಯೋಚಿಸಿ. ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಜೈಲಿಗೆ ಹೋದರು, ಮತ್ತೆ ಮತ್ತೆ ಹೋದರು. 'ಕ್ವೇಕರ್' ಅಂದರೆ ನಡುಗುವವನು. ಇದೂ 1650ರಲ್ಲಿ ಡರ್ಬಿಯ ಒಬ್ಬ ನ್ಯಾಯಾಧೀಶ ಇಟ್ಟ ಅಡ್ಡಹೆಸರೇ. ತಮ್ಮನ್ನು ಅವರು ಕರೆದುಕೊಳ್ಳುವುದು 'ಫ್ರೆಂಡ್ಸ್' ಎಂದು, ಅಂದರೆ ಗೆಳೆಯರು.

ವಾರ, ತಿಂಗಳುಗಳ ಹೆಸರನ್ನೂ ಬಿಟ್ಟರು. ನಮ್ಮ ವಾರಗಳಲ್ಲಿ ಗ್ರಹಗಳು ಕೂತಿರುವ ಹಾಗೆ ಇಂಗ್ಲಿಷ್ ವಾರಗಳಲ್ಲಿ ಹಳೆಯ ದೇವತೆಗಳು ಕೂತಿದ್ದಾರೆ. ಗುರುವಾರದಲ್ಲಿ ಗುಡುಗಿನ ದೇವರು ಥಾರ್, ಜನವರಿಯಲ್ಲಿ ರೋಮನ್ನರ ಜೇನಸ್. ಇದ್ಯಾವುದೂ ಬೇಡ ಎಂದು ಭಾನುವಾರಕ್ಕೆ 'ಮೊದಲ ದಿನ', ಸೋಮವಾರಕ್ಕೆ 'ಎರಡನೇ ದಿನ' ಅಂದರು. ತಿಂಗಳಿಗೂ ಅಂಕಿ. ಇಲ್ಲೊಂದು ಗಂಟಿದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚಿನಲ್ಲಿ. ಹಾಗಾಗಿ 1690ರ ಕ್ವೇಕರ್ ದಾಖಲೆಯಲ್ಲಿ 'ಎಂಟನೇ ತಿಂಗಳು' ಅಂದರೆ ಅಕ್ಟೋಬರ್, ಆಗಸ್ಟ್ ಅಲ್ಲ. 1752ರಲ್ಲಿ ಕ್ಯಾಲೆಂಡರ್ ಬದಲಾದ ಮೇಲೆ ಜನವರಿ ಮೊದಲ ತಿಂಗಳಾಯಿತು. ವಂಶಾವಳಿ ಹುಡುಕುವವರು ಇಲ್ಲಿ ಎಡವುವುದು ಜಾಸ್ತಿ.

ಈಗ ಹಬ್ಬ ಇಲ್ಲದ ವರ್ಷದ ವಿಷಯ. ಅದನ್ನು ನೋಡಲು ನನಗೆ ತುಂಬ ಇಷ್ಟವಾದ ಜಾಗ ಅದೇ ಸೆಡ್‌ಬರ್ ಹತ್ತಿರದ ಬ್ರಿಗ್‌ಫ್ಲಾಟ್ಸ್. ನಾರಗಸೆ ನೂಲಿನಿಂದ ಬಟ್ಟೆ ನೇಯುವವರ ಪುಟ್ಟ ಹಟ್ಟಿ ಅದು. 1675ರಲ್ಲಿ ಅಲ್ಲಿನ ಕ್ವೇಕರ್‌ಗಳು ಒಂದು ಸಭಾಮನೆ ಕಟ್ಟಿದರು. ಅವರು ಹೀಗೆ ಸೇರುವುದು ಆಗ ಕಾನೂನಿಗೆ ವಿರುದ್ಧ. ಅನುಮತಿ ಸಿಕ್ಕಿದ್ದು 1689ರಲ್ಲಿ. ಹದಿನಾಲ್ಕು ವರ್ಷ ಮೊದಲೇ ಧೈರ್ಯ ಮಾಡಿ ಕಟ್ಟಿದ ಮನೆ ಇದು. ಇವತ್ತಿಗೂ ಅಲ್ಲಿ ಪ್ರತಿ ಭಾನುವಾರ ಜನ ಸೇರುತ್ತಾರೆ.

ಹೊರಗಿನಿಂದ ನೋಡಿದರೆ ಸುಣ್ಣ ಬಳಿದ ಹಳೆಯ ರೈತನ ಮನೆಯ ಹಾಗಿದೆ. ಒಳಗೆ ಶಿಲುಬೆ ಇಲ್ಲ, ಬಲಿಪೀಠ ಇಲ್ಲ, ಬಣ್ಣದ ಗಾಜಿಲ್ಲ. ಓಕ್ ಮರದ ಬೆಂಚುಗಳು, ಮೇಲೊಂದು ಮರದ ಅಟ್ಟ. ಅಟ್ಟಕ್ಕೆ ಹೋಗುವ ಮೆಟ್ಟಿಲ ಬುಡದಲ್ಲಿ ಒಂದು ಸಣ್ಣ ಗೂಡಿದೆ. ಕುರಿ ಕಾಯುವ ನಾಯಿಗಳನ್ನು ಕೂಡಲು ಮಾಡಿದ್ದು. ಬೆಟ್ಟದಿಂದ ಇಳಿದು ಬರುವ ಕುರುಬರು ನಾಯಿಯನ್ನು ಎಲ್ಲಿ ಬಿಡಬೇಕು? ಆ ಗೂಡು ನೋಡಿದರೆ ಸಾಕು, ಇದು ಎಂಥವರ ಗುಡಿ ಎಂದು ತಿಳಿಯುತ್ತದೆ.

ಭಾನುವಾರದ ಸಭೆ ಅಂದರೆ ಒಂದು ಗಂಟೆ ಮೌನ. ಎಲ್ಲರೂ ಸುಮ್ನೆ ಕೂರುತ್ತಾರೆ. ಹಾಡಿಲ್ಲ, ಪ್ರವಚನ ಇಲ್ಲ. ಯಾರಿಗಾದರೂ ಒಳಗಿನಿಂದ ಮಾತು ಒತ್ತಿ ಬಂದರೆ ಎದ್ದು ನಾಲ್ಕು ಮಾತು ಹೇಳಿ ಕೂರುತ್ತಾರೆ. ಹೆಂಗಸರು, ಗಂಡಸರು, ಹೊಸಬರು, ಯಾರಾದರೂ ಸರಿ. ಕೆಲವು ಭಾನುವಾರ ಯಾರೂ ಮಾತಾಡುವುದಿಲ್ಲ. ಗಂಟೆಯ ಕೊನೆಗೆ ಇಬ್ಬರು ಹಿರಿಯರು ಕೈಕುಲುಕುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಊರಿನ ಸುದ್ದಿ, ಪ್ರಕಟಣೆ, ಚಹಾ, ಬಿಸ್ಕತ್ತು.

ಇಂಥ ಬರಿಗೋಣೆಯಲ್ಲಿ ಕಾಲ ಬದಲಾಗುವುದು ಗೊತ್ತಾಗುವುದು ಎರಡು ಕಡೆ. ಒಂದು ಕಿಟಕಿ. ಇನ್ನೊಂದು ನಡುವೆ ಇರುವ ಮೇಜು. ಇಂಗ್ಲೆಂಡಿನ ಕ್ವೇಕರ್ ಸಭೆಗಳಲ್ಲಿ ಬೆಂಚುಗಳ ಮಧ್ಯೆ ಒಂದು ಮೇಜು, ಅದರ ಮೇಲೆ ಒಂದು ಬೈಬಲ್, ಪಂಗಡದ ಒಂದು ಪುಸ್ತಕ, ಮತ್ತೆ ಒಂದಿಷ್ಟು ಹೂ ಇಡುವ ರೂಢಿ ಇದೆ. ಹೂವನ್ನು ಸಾಮಾನ್ಯವಾಗಿ ಯಾರಾದರೂ ಮನೆಯ ಹಿತ್ತಲಿನಿಂದ ತರುತ್ತಾರೆ. ಫೆಬ್ರವರಿಯ ಚಳಿಯಲ್ಲಿ ಹಿಮದ ಹನಿಯ ಹಾಗೆ ತಲೆತಗ್ಗಿಸಿದ ಸ್ನೋಡ್ರಾಪ್. ಮಾರ್ಚಿನಲ್ಲಿ ಹಳದಿ ಡ್ಯಾಫೊಡಿಲ್. ಜೂನಿನಲ್ಲಿ ಗುಲಾಬಿ. ಶರತ್ಕಾಲದಲ್ಲಿ ಕೆಂಪು ಹಣ್ಣಿನ ಕೊಂಬೆ. ಯಾವ ಹಬ್ಬಕ್ಕೂ ಅಲಂಕಾರ ಮಾಡದ ಕೋಣೆಗೆ ವರ್ಷ ಪೂರ್ತಿ ಹೀಗೆ ಒಂದೊಂದೇ ಹೂವಾಗಿ ಒಳಗೆ ಬರುತ್ತದೆ. ನನಗೆ ಇದು ದೊಡ್ಡ ಸಂಗತಿ ಅನಿಸುತ್ತದೆ. ಪಂಚಾಂಗ ಬಿಟ್ಟವರು ಋತುವನ್ನು ಬಿಡಲಿಲ್ಲ.

ಬಿಡಲು ಸಾಧ್ಯವೂ ಇರಲಿಲ್ಲ. ಆ ಸೀಮೆಯಲ್ಲಿ ಡಿಸೆಂಬರಿನ ಹಗಲು ಏಳು ಗಂಟೆ ಚಿಲ್ಲರೆ, ಜೂನಿನ ಹಗಲು ಹದಿನೇಳು ಗಂಟೆ. ಏಪ್ರಿಲಿನಲ್ಲಿ ಕುರಿ ಮರಿ ಹಾಕುವ ಕಾಲ, ರೈತನಿಗೆ ರಾತ್ರಿ ನಿದ್ದೆ ಇಲ್ಲ. ಬೇಸಿಗೆಯಲ್ಲಿ ಮಳೆ ಬಿಡುವು ಕೊಟ್ಟಾಗ ಹುಲ್ಲು ಕೊಯ್ದು ಒಣಗಿಸಬೇಕು. ಹಳ್ಳಿಯ ಸಣ್ಣ ಸಭೆಗಳು ಈ ಲಯಕ್ಕೆ ಹೊಂದಿಕೊಂಡೇ ಬೆಳೆದವು. ಹತ್ತು ಹದಿನೈದು ಜನ ಇರುವ ಸಭೆಯಲ್ಲಿ ಪಾದ್ರಿಯೂ ಇಲ್ಲ, ಸಂಬಳದ ಆಳೂ ಇಲ್ಲದಿದ್ದರೆ ಎಲ್ಲ ಕೆಲಸ ಅವರದೇ. ವಸಂತದಲ್ಲಿ ತೋಟ ಅಗೆಯುವುದು, ಶರತ್ಕಾಲದ ಮಳೆಗೆ ಮುಂಚೆ ಚಾವಣಿ ನೋಡುವುದು, ಚಳಿಗಾಲದಲ್ಲಿ ಬೇಗ ಬಂದು ಹೀಟರ್ ಹಾಕುವುದು. ಬೇಸಿಗೆಯಲ್ಲಿ ಫಾಕ್ಸ್ ನಡೆದ ದಾರಿ ನೋಡಲು ದೂರದಿಂದ ಜನ ಬರುತ್ತಾರೆ, ಅವರಿಗೆ ಬಾಗಿಲು ತೆಗೆಯಬೇಕು. ಚಳಿಗಾಲದಲ್ಲಿ ಸಭೆ ಮುಗಿದ ಮೇಲೆ ಬಿಸಿ ಸೂಪು, ಬ್ರೆಡ್ಡು, ಮನೆಯಿಂದ ತಂದದ್ದನ್ನು ಹಂಚಿಕೊಂಡು ಊಟ.

ಮದುವೆಗೂ ಮುಹೂರ್ತ ಇಲ್ಲ, ಪುರೋಹಿತರಿಲ್ಲ. ಅದೇ ಮೌನದ ನಡುವೆ ಹುಡುಗ ಹುಡುಗಿ ಎದ್ದು ಕೈ ಹಿಡಿದು ಮಾತು ಕೊಡುತ್ತಾರೆ. ಕೊನೆಗೆ ದೊಡ್ಡ ಹಾಳೆಯ ಮೇಲೆ ಬಂದವರೆಲ್ಲ ಸಹಿ ಹಾಕುತ್ತಾರೆ, ಮಕ್ಕಳು ಕೂಡ. ಹತ್ತಾರು ದೊಡ್ಡವರ ಸಹಿಗಳ ನಡುವೆ ಆಗ ತಾನೇ ಅಕ್ಷರ ಕಲಿತ ಮಗುವಿನ ಸೊಟ್ಟ ಹೆಸರೂ ಸಾಕ್ಷಿ.

ಇನ್ನೊಂದು ಚಕ್ರವೂ ಇದೆ. ಅವರ ಆಡಳಿತ ಸಭೆಗಳ ಹಳೆಯ ಹೆಸರುಗಳೇ ಮಾಸಿಕ ಸಭೆ, ತ್ರೈಮಾಸಿಕ ಸಭೆ, ವಾರ್ಷಿಕ ಸಭೆ. ಹಳ್ಳಿಯವರು ತಿಂಗಳಿಗೊಮ್ಮೆ ಸುತ್ತಲಿನವರ ಜೊತೆ ಸೇರುವುದು, ಮೂರು ತಿಂಗಳಿಗೊಮ್ಮೆ ಜಿಲ್ಲೆಯಷ್ಟು ದೊಡ್ಡ ಸೀಮೆಯವರ ಜೊತೆ, ವರ್ಷಕ್ಕೊಮ್ಮೆ ಇಡೀ ದೇಶದವರ ಜೊತೆ. ಕುದುರೆ ಏರಿ ದಿನಗಟ್ಟಲೆ ಹೋಗುತ್ತಿದ್ದರು, ಒಬ್ಬರ ಮನೆಯಲ್ಲಿ ಒಬ್ಬರು ಉಳಿಯುತ್ತಿದ್ದರು. ನಂಟಸ್ತನ, ವ್ಯಾಪಾರ, ಹೆಣ್ಣು ಗಂಡು ನೋಡುವುದು ಎಲ್ಲ ಅಲ್ಲೇ. ನಮ್ಮಲ್ಲಿ ಜಾತ್ರೆ ಮಾಡುವ ಕೆಲಸವನ್ನು ಅವರಲ್ಲಿ ಈ ಸಭೆಗಳು ಮಾಡಿದವು ಎನ್ನಬಹುದು. ವೋಟು ಹಾಕುವ ಪದ್ಧತಿ ಇಲ್ಲ. ಎಲ್ಲರ ಮನಸ್ಸು ಎತ್ತ ವಾಲಿದೆ ಎಂದು ನೋಡಿ ಸಭೆ ನಡೆಸುವ 'ಕ್ಲರ್ಕ್' ಅಲ್ಲೇ ಕೂತು ನಿರ್ಣಯ ಬರೆದು ಓದುತ್ತಾರೆ. ಒಪ್ಪಿಗೆ ಇದ್ದರೆ ಇಂಗ್ಲೆಂಡಿನವರು ಹೇಳುವುದು 'ಹೋಪ್ ಸೋ' ಎಂಬ ಎರಡೇ ಪದ. ಹಾಗೇ ಆಗಲಿ ಅನ್ನುವ ಹಾಗೆ. ವಾರ್ಷಿಕ ಸಭೆ ಸಾಮಾನ್ಯವಾಗಿ ಲಂಡನ್ನಿನ ಯೂಸ್ಟನ್ ರಸ್ತೆಯ ಫ್ರೆಂಡ್ಸ್ ಹೌಸ್‌ನಲ್ಲಿ ನಡೆಯುತ್ತದೆ. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿಯನ್ನು ಸ್ವಾಗತಿಸಿದ್ದೂ ಅದೇ ಕಟ್ಟಡದಲ್ಲಿ.

ನವೆಂಬರ್ ಅವರಿಗೆ ಸ್ವಲ್ಪ ಭಾರದ ತಿಂಗಳು. ಯುದ್ಧದಲ್ಲಿ ಸತ್ತವರ ನೆನಪಿಗೆ ಆಗ ಬ್ರಿಟನ್ನಿನಲ್ಲಿ ಜನ ಎದೆಗೆ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಳ್ಳುತ್ತಾರೆ. ಅನೇಕ ಕ್ವೇಕರ್‌ಗಳು ಬಿಳಿ ಹೂ ಹಾಕುತ್ತಾರೆ. ಯುದ್ಧವೇ ಬೇಡ ಎಂಬ ಗುರುತಿಗೆ 1933ರಲ್ಲಿ ಹೆಂಗಸರ ಸಹಕಾರ ಸಂಘವೊಂದು ಶುರುಮಾಡಿದ ಹೂ ಅದು. ಅಣ್ಣತಮ್ಮಂದಿರನ್ನು ಯುದ್ಧದಲ್ಲಿ ಕಳೆದುಕೊಂಡ ಊರಿನಲ್ಲಿ ಬಿಳಿ ಹೂ ಹಾಕಿಕೊಂಡು ಓಡಾಡುವುದು ಸುಲಭವಲ್ಲ. ಕೆಲವರು ಎರಡನ್ನೂ ಹಾಕುತ್ತಾರೆ.

ಹಾಗಾದರೆ ಹಬ್ಬ ವಾಪಸ್ ಬಂದದ್ದು ಹೇಗೆ? ಹತ್ತೊಂಬತ್ತನೇ ಶತಮಾನದಲ್ಲಿ ಮೆಲ್ಲಗೆ ಬಂತು. ಸರಳ ಬಟ್ಟೆ, 'ದೌ' ಮಾತು ಸಡಿಲವಾದವು. ಮಕ್ಕಳು ಪಕ್ಕದ ಮನೆಯ ಕ್ರಿಸ್‌ಮಸ್ ನೋಡಿ ಆಸೆಪಟ್ಟರು. ಬ್ರಿಟನ್ನಿನ ಮೊದಲ ಚಾಕೊಲೇಟ್ ಈಸ್ಟರ್ ಮೊಟ್ಟೆ ಮಾಡಿದ್ದು 1873ರಲ್ಲಿ ಫ್ರೈ ಕಂಪನಿ, ಎರಡು ವರ್ಷದ ನಂತರ ಕ್ಯಾಡ್‌ಬರಿ. ಎರಡೂ ಕ್ವೇಕರ್ ಕುಟುಂಬಗಳವು! ಅಂದಹಾಗೆ ಕ್ವೇಕರ್ ಓಟ್ಸ್‌ಗೂ ಇವರಿಗೂ ಸಂಬಂಧ ಇಲ್ಲ. ಹೆಸರಿಗಿದ್ದ ಪ್ರಾಮಾಣಿಕತೆಯ ಖ್ಯಾತಿ ನೋಡಿ ಇಟ್ಟ ಹೆಸರು ಅದು.

ಎಲ್ಲ ಕ್ವೇಕರ್‌ಗಳೂ ಮೌನದವರೇ ಎಂದು ತಿಳಿಯಬೇಡಿ. ಅಮೆರಿಕದ ಇಂಡಿಯಾನಾ, ಅಯೋವಾ ಕಡೆ ಪಾದ್ರಿ ಇರುವ, ಹಾಡು ಹೇಳುವ 'ಫ್ರೆಂಡ್ಸ್ ಚರ್ಚ್'ಗಳಿವೆ. ಅಲ್ಲಿ ಕ್ರಿಸ್‌ಮಸ್ ನಾಟಕವೂ ಇರುತ್ತದೆ, ಈಸ್ಟರ್ ಪ್ರಾರ್ಥನೆಯೂ ಇರುತ್ತದೆ. 1902ರಲ್ಲಿ ಅಮೆರಿಕದಿಂದ ಹೋದ ಮೂವರು ಕೀನ್ಯಾದ ಕೈಮೋಸಿಯಲ್ಲಿ ನೆಲೆನಿಂತರು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರ್‌ಗಳಿರುವುದು ಕೀನ್ಯಾದಲ್ಲೇ. ಅಲ್ಲಿನ ಭಾನುವಾರದಲ್ಲಿ ಮೌನ ಕಡಿಮೆ, ಹಾಡು ಜಾಸ್ತಿ. ನಮ್ಮ ದೇಶಕ್ಕೂ 1866ರಲ್ಲೇ ರೇಚೆಲ್ ಮೆಟ್ಕಾಫ್ ಬಂದಿದ್ದರು. ಮುಂದೆ ಮಧ್ಯಪ್ರದೇಶದ ಹೋಶಂಗಾಬಾದ್ ಕಡೆ ಅವರ ಕೆಲಸ ಬೆಳೆಯಿತು. ಕಡಿಮೆ ಖರ್ಚಿನ ಇಟ್ಟಿಗೆ ಮನೆಗಳಿಂದ ನಮಗೆಲ್ಲ ಪರಿಚಯವಾದ ಕೇರಳದ ಲಾರಿ ಬೇಕರ್ ಕೂಡ ಕ್ವೇಕರ್. ಅಲಂಕಾರ ಬಿಟ್ಟ ಆ ಗೋಡೆಗಳನ್ನು ನೋಡಿದಾಗ ನನಗೆ ಸಭಾಮನೆಗಳ ನೆನಪಾಗುತ್ತದೆ.

ನಿಮ್ಮ ಡಿಸೆಂಬರಿಗೆ ಬರೋಣ. ಪಕ್ಕದ ಮನೆಯವರು ಭಾನುವಾರ ಕರೆದರೆ ಖಂಡಿತ ಹೋಗಿ. ಯಾರು ಬೇಕಾದರೂ ಹೋಗಿ ಕೂರಬಹುದು, ಧರ್ಮ ಕೇಳುವುದಿಲ್ಲ. ಐದು ನಿಮಿಷ ಮೊದಲೇ ಒಳಗೆ ಹೋಗಿ, ಮೊಬೈಲ್ ಆಫ್ ಮಾಡಿ. ಮೊಮ್ಮಕ್ಕಳಿದ್ದರೆ ಗಾಬರಿ ಬೇಡ. ಮಕ್ಕಳನ್ನು ಹತ್ತು ಹದಿನೈದು ನಿಮಿಷ ಮಾತ್ರ ಕೂರಿಸಿಕೊಂಡು ಬೇರೆ ಕೋಣೆಗೆ ಕಳಿಸುವ ಸಭೆಗಳು ಬಹಳ. ಮೊದಲ ಇಪ್ಪತ್ತು ನಿಮಿಷ ಕಷ್ಟ, ಮನಸ್ಸು ಊರೆಲ್ಲ ಸುತ್ತುತ್ತದೆ. ಆಮೇಲೆ ಹೀಟರಿನ ಸದ್ದು, ಯಾರದೋ ಕೆಮ್ಮು, ಹೊರಗಿನ ಗಾಳಿ ಎಲ್ಲ ಕೇಳಿಸತೊಡಗುತ್ತದೆ. ಮೇಜಿನ ಮೇಲೆ ಆ ವಾರ ಹಾಲಿ ಗಿಡದ ಕೊಂಬೆ ಇರಬಹುದು, ಮುಳ್ಳೆಲೆ ಮತ್ತು ಕೆಂಪು ಹಣ್ಣು. ಕೈಕುಲುಕಿದ ಮೇಲೆ 'ಹ್ಯಾಪಿ ಕ್ರಿಸ್‌ಮಸ್' ಅನ್ನಿ. ಹಂಚಿ ತಿನ್ನುವ ಊಟ ಇದ್ದರೆ ಒಂದು ಡಬ್ಬಿ ಚಕ್ಕುಲಿ ಒಯ್ಯಿರಿ. ಎಳ್ಳು, ಬೆಣ್ಣೆ ಏನೇನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಂದೆ ಇಡಿ, ಅಲರ್ಜಿ ಇರುವವರು ಅದನ್ನು ಮೊದಲು ಓದುತ್ತಾರೆ.