ಕರಾರಿಗಿಂತ ಪಟ್ಟಿ ಗಟ್ಟಿ: ಮದುವೆ ಮತ್ತು ಆಸ್ತಿ ರಕ್ಷಣೆ

ಗಂಡು ಹೆಣ್ಣು ಮದುವೆಗೆ ಮುಂಚೆ ಸ್ಟಾಂಪ್ ಪೇಪರಿನಲ್ಲಿ ಬರೆದುಕೊಂಡ ಕರಾರು ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಹಿಂದೂ ವಿವಾಹ ಕಾಯ್ದೆಯಲ್ಲಿ ಅದರ ಪ್ರಸ್ತಾಪವೇ ಇಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಮಿನಂತೆ ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಅನೂರ್ಜಿತ. 'ಬೇರೆಯಾದರೆ ಜೀವನಾಂಶ ಕೇಳುವುದಿಲ್ಲ' ಎಂಬಂಥ ಷರತ್ತು ಬಿದ್ದುಹೋಗುವುದು ಇಲ್ಲೇ. ಗೋವಾದ ಸಿವಿಲ್ ಸಂಹಿತೆಯಲ್ಲಿ ಇಂಥ ಕರಾರಿಗೆ ಮಾನ್ಯತೆ ಇದೆ. ಮುಸ್ಲಿಂ ಮದುವೆಯಲ್ಲಿ ವರ ವಧುವಿಗೆ ಕೊಡಬೇಕಾದ ಮಹರ್ ಹೆಣ್ಣಿನ ಹಕ್ಕು.

ಹಾಗಾಗಿ ಕಾಸರಗೋಡಿನ ಹೆಣ್ಣುಮಗಳ ಕೈಹಿಡಿಯುವ ಕಾಗದ ಬೇರೆಯೇ ಇದೆ. ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ 1985ರಲ್ಲಿ ಬಂದ ನಿಯಮಗಳಂತೆ ವಧುವಿಗೂ ವರನಿಗೂ ಬಂದ ಉಡುಗೊರೆಗಳಿಗೆ ಪ್ರತ್ಯೇಕ ಪಟ್ಟಿ ಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ, ಕೆಳಗೆ ವಧುವರರಿಬ್ಬರ ಸಹಿ. ವಧುವಿನ ಪಟ್ಟಿ ವಧುವಿನ ಬಳಿಯೇ ಇರಬೇಕು.

'ಚಿನ್ನ 30 ಪವನು' ಎಂದು ಒಂದೇ ಸಾಲು ಬರೆದರೆ ಪಟ್ಟಿ ಪೊಳ್ಳು. ಹೀಗೆ ಬರೆಯಿರಿ: 'ಅವಲಕ್ಕಿ ಸರ 1, 916 ಚಿನ್ನ, 24 ಗ್ರಾಂ (3 ಪವನು), ಕೊಟ್ಟವರು ಸೋದರಮಾವ', ಜೊತೆಗೆ ಬೆಲೆ, ಬಿಲ್ ನಂಬರು ಮತ್ತು ಒಡವೆಯ ಮೇಲೆ ಕೊರೆದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತುಸಂಖ್ಯೆಯಾದ ಎಚ್‌ಯುಐಡಿ. ಅಜ್ಜಿಯ ಹಳೆ ಒಡವೆಗೆ ಎಚ್‌ಯುಐಡಿ ಇರುವುದಿಲ್ಲ, ಅದಕ್ಕೆ ತೂಕದ ಚೀಟಿ ಮತ್ತು ಫೋಟೋ ಸಾಕ್ಷಿ. ಕೇಳಿ ಪಡೆದ ವರದಕ್ಷಿಣೆ ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಸಕ್ರಮವಾಗದು.

ಎಡವಟ್ಟಾಗುವುದು ಮದುವೆಯ ನಂತರವೇ ಹೆಚ್ಚು. 'ಜೋಪಾನವಾಗಿಡುತ್ತೇನೆ' ಎಂದು ಅತ್ತೆ ಒಡವೆಯನ್ನು ಕಪಾಟಿಗೆ ಸೇರಿಸುತ್ತಾರೆ, ಗಂಡ ತನ್ನ ಹೆಸರಲ್ಲಿ ಅಡವಿಡುತ್ತಾನೆ, ಕರಗಿಸಿ ಹೊಸದು ಮಾಡಿಸಿದಾಗ ಬಿಲ್ಲಿನಲ್ಲಿ ಹೆಸರು ಬದಲಾಗುತ್ತದೆ. ಕೇರಳದ 89 ಪವನಿನ ಪ್ರಕರಣವನ್ನು ಮರೆಯದೆ ಓದಿ. ಅದರಲ್ಲಿ, ಸ್ತ್ರೀಧನ (ಹೆಣ್ಣಿನ ಸ್ವಂತ ಆಸ್ತಿ) ಗಂಡಹೆಂಡತಿಯ ಜಂಟಿ ಆಸ್ತಿಯಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಿದರೂ ಹಿಂದಿರುಗಿಸುವ ಹೊಣೆ ಅವನದು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ಇಂಥ ದಾವೆಯಲ್ಲಿ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ರುಜುವಾತು ಬೇಕಿಲ್ಲ. ಯಾರ ಮಾತು ಹೆಚ್ಚು ಸಂಭವನೀಯ ಎಂಬುದೇ ಅಳತೆ. ಆ ತಕ್ಕಡಿಯಲ್ಲಿ ಸಹಿ ಬಿದ್ದ ಪಟ್ಟಿಯ ತೂಕ ದೊಡ್ಡದು.

ಇನ್ನು ಭೂಮಿ. ಅಪ್ಪ ಮಗಳಿಗೆ ಕೊಡುವ ದಾನಪತ್ರಕ್ಕೆ ನೋಂದಣಿ ಮತ್ತು ಇಬ್ಬರು ಸಾಕ್ಷಿಗಳು ಕಡ್ಡಾಯ. ಆ ಪತ್ರ ಮಲಯಾಳದಲ್ಲಿದ್ದರೆ ಸರ್ವೆ ನಂಬರು, ಚಕ್ಕುಬಂದಿ ಓದಿಸಿ ತಿಳಿದುಕೊಂಡೇ ಸಹಿ ಹಾಕಬೇಕು. ಆಮೇಲೆ ವಿಲೇಜ್ ಆಫೀಸಿನಲ್ಲಿ ಪೋಕ್ಕುವರವು (ಖಾತೆ ಬದಲಾವಣೆ) ಮಾಡಿಸಿ ತೆರಿಗೆ ರಶೀದಿ ಅವಳ ಹೆಸರಿಗೆ ಬರಲಿ.

ಬಹಳ ಮಂದಿ ತಪ್ಪುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಲ್ಲಿ. ಮಕ್ಕಳಿಲ್ಲದ ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ, ತಂದೆತಾಯಿಯಿಂದ ವಾರಸಾಗಿ ಬಂದ ಆಸ್ತಿ ಸಾಮಾನ್ಯವಾಗಿ ತಂದೆಯ ವಾರಸುದಾರರಿಗೆ ಮರಳುತ್ತದೆ. ಅದೇ ತಂದೆ ಬದುಕಿದ್ದಾಗ ದಾನವಾಗಿ ಕೊಟ್ಟದ್ದು 'ವಾರಸು' ಅಲ್ಲ. ಅದು ಸಾಮಾನ್ಯವಾಗಿ ಗಂಡನಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ ಹೋಗುತ್ತದೆ. ಇದನ್ನು ತಪ್ಪಿಸುವ ದಾರಿ ಇಬ್ಬರು ಸಾಕ್ಷಿಗಳ ಸಹಿಯುಳ್ಳ ಉಯಿಲು. ಅದಕ್ಕೆ ಸ್ಟಾಂಪ್ ಪೇಪರೂ ಬೇಡ, ನೋಂದಣಿಯೂ ಕಡ್ಡಾಯವಲ್ಲ.