ಹೊರೆ ಹೊರಲು ಹುಟ್ಟಿದ ಗಾಡಿ, ನಿತ್ಯದ ಓಡಾಟಕ್ಕೆ

ಷೆವರ್ಲೆ ಕಂಪನಿಯು 1967ರಿಂದ 1972ರವರೆಗೆ ಮಾರಿದ ಸಿ-10 ಪಿಕಪ್ ಟ್ರಕ್ಕು ಅಮೆರಿಕದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿದೆ. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆಂಬುದನ್ನು ಹೆಸರಿನಲ್ಲಿರುವ ‘ಸಿ’ ಅಕ್ಷರವೂ, ಅದು ಅರ್ಧ ಟನ್ ವರ್ಗದ ಗಾಡಿಯೆಂಬುದನ್ನು ‘10’ ಎಂಬ ಅಂಕೆಯೂ ಸೂಚಿಸುತ್ತವೆ. ಮೇವಿನ ಪೆಂಡಿ, ಮರದ ಹಲಗೆ, ಸಿಮೆಂಟಿನ ಚೀಲಗಳನ್ನು ಸಾಗಿಸಲು ರೈತರೂ ಬಡಗಿಗಳೂ ಕೊಂಡಿದ್ದ ಈ ಗಾಡಿಯನ್ನು ಈಗ ಅನೇಕರು ದಿನವೂ ಕಚೇರಿಗೆ, ಮಾರುಕಟ್ಟೆಗೆ ಓಡಿಸುತ್ತಾರೆ. ಹೊರಗಿನ ರೂಪವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಯಂತ್ರಭಾಗಗಳನ್ನು ಈ ಕಾಲಕ್ಕೆ ತಕ್ಕಂತೆ ಬದಲಿಸುವ ಈ ಪದ್ಧತಿಗೆ ಅಲ್ಲಿ ‘ರೆಸ್ಟೊಮಾಡ್’ ಎಂಬ ಹೆಸರಿದೆ. ಹೊರೆಯೊಂದಿಗೆ ನಿಧಾನವಾಗಿ ಸಾಗಲೆಂದು ಲೆಕ್ಕ ಹಾಕಿ ಕಟ್ಟಿದ ಗಾಡಿಯನ್ನು ಹೊರೆಯಿಲ್ಲದೆ ವೇಗವಾಗಿ ಓಡಿಸಲು ಹೊರಟಾಗ, ಅದರ ಒಂದೊಂದು ಭಾಗವೂ ತಾನು ಯಾವ ಲೆಕ್ಕದಿಂದ ಹುಟ್ಟಿತೆಂಬುದನ್ನು ಬಿಚ್ಚಿ ತೋರಿಸುತ್ತದೆ. ಭೌತಶಾಸ್ತ್ರವನ್ನು ಕಣ್ಣೆದುರು ಕಲಿಸುವ ಇಂಥ ಪಾಠ ಬೇರೊಂದನ್ನು ನಾನು ಕಂಡಿಲ್ಲ.

ಮೊದಲು ಸ್ಪ್ರಿಂಗುಗಳನ್ನು ನೋಡೋಣ. ಖಾಲಿ ಲಾರಿಯ ಹಿಂಬದಿಯಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆ ಅದು ಹೇಗೆ ಎತ್ತಿ ಹಾಕುತ್ತದೆಂಬುದು ಗೊತ್ತು. ಅದೇ ಲಾರಿ ತುಂಬಿದಾಗ ಎಷ್ಟೋ ನಯವಾಗಿ ಸಾಗುತ್ತದೆ. ಸ್ಪ್ರಿಂಗಿನ ಮೇಲೆ ಕುಳಿತ ವಸ್ತು ಒಂದು ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ಆಡುತ್ತದೆಂಬುದನ್ನು ಸ್ಪ್ರಿಂಗಿನ ಬಿಗುವೂ ವಸ್ತುವಿನ ತೂಕವೂ ಸೇರಿ ನಿರ್ಧರಿಸುತ್ತವೆ. ಬಿಗುವು ಹೆಚ್ಚಿದರೆ ಆಟ ಚುರುಕಾಗುತ್ತದೆ, ತೂಕ ಹೆಚ್ಚಿದರೆ ನಿಧಾನವಾಗುತ್ತದೆ. ಕಾರುಗಳಲ್ಲಿ ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿಯ ತೂಗಾಟವು ನಮ್ಮ ದೇಹಕ್ಕೆ ಹಿತವೆನಿಸುತ್ತದೆ. ಅರ್ಧ ಟನ್ ಸರಕನ್ನು ತಾಳಲೆಂದು ಬಿಗಿಯಾಗಿ ಮಾಡಿದ ಹಿಂಬದಿಯ ಸ್ಪ್ರಿಂಗಿನ ಮೇಲೆ ಸರಕೇ ಇಲ್ಲದಿದ್ದಾಗ ತೂಗಾಟ ಈ ಮಿತಿಯನ್ನು ಮೀರಿ ಕುಲುಕಾಟವಾಗುತ್ತದೆ. ಮೆತ್ತಗಿನ ಸ್ಪ್ರಿಂಗು ಹಾಕಿ ಗಾಡಿಯನ್ನು ನೆಲಕ್ಕೆ ತಗ್ಗಿಸುವುದು ಹಲವರು ಹಿಡಿಯುವ ದಾರಿ. ಆದರೆ ಹಾಗೆ ತಗ್ಗಿಸಿದ ಗಾಡಿಯಲ್ಲಿ ನಾಲ್ಕು ಮೂಟೆ ಹಾಕಿದರೂ ಹಿಂಬದಿ ಕುಸಿದು ಕೂರುತ್ತದೆ, ಹೊರೆ ಹೊರಲಾರದ ಪಿಕಪ್ಪನ್ನು ಪಿಕಪ್ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಗಾಳಿ ತುಂಬಿದ ರಬ್ಬರ್ ಚೀಲವನ್ನೇ ಸ್ಪ್ರಿಂಗಾಗಿ ಬಳಸುವುದು ಇದಕ್ಕಿಂತ ಉತ್ತಮ ಉಪಾಯ. ತೂಕ ಹೆಚ್ಚಿದಾಗ ಗಾಳಿಯ ಒತ್ತಡವನ್ನೂ ಏರಿಸಿದರೆ ಚೀಲದ ಬಿಗುವು ಅದೇ ಪ್ರಮಾಣದಲ್ಲಿ ಏರುವುದರಿಂದ, ಗಾಡಿ ಖಾಲಿಯಿರಲಿ ತುಂಬಿರಲಿ ತೂಗಾಟದ ಲಯ ಬಹುಮಟ್ಟಿಗೆ ಒಂದೇ ಆಗಿರುತ್ತದೆ.

ಹಳೆಯ ಗಾಡಿಯನ್ನು ಕೈಗೆತ್ತಿಕೊಂಡವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಎಂಜಿನ್ನಿನ ಮೇಲೆ. ಕೈ ಮೊದಲು ಹೋಗಬೇಕಾದುದು ಬ್ರೇಕಿನ ಕಡೆಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಾಲಕನೂ ಸೇರಿ 1800 ಕಿಲೋ ತೂಗುವ ಗಾಡಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ ಅದರಲ್ಲಿರುವ ಚಲನಶಕ್ತಿ ಸುಮಾರು 7 ಲಕ್ಷ ಜೂಲ್. ಅಂದರೆ ಎರಡು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಲ್ಲಷ್ಟು ಶಾಖ. ಗಾಡಿ ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಇದರ ಬಹುಪಾಲು ಬ್ರೇಕುಗಳಲ್ಲಿ ಬಿಸಿಯಾಗಿ ಹೊರಬರಬೇಕು. ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 60 ಕಿಲೋಮೀಟರ್ ವೇಗದಲ್ಲಿ ಸಾಕೆನಿಸುತ್ತಿದ್ದ ಬ್ರೇಕು 100ರ ವೇಗದಲ್ಲಿ ಸುಮಾರು 2.8 ಪಟ್ಟು ಶಾಖವನ್ನು ನುಂಗಬೇಕಾಗುತ್ತದೆ. ಟೆಕ್ಸಾಸಿನ ಅನೇಕ ಹೆದ್ದಾರಿಗಳಲ್ಲಿ ವೇಗದ ಮಿತಿ ಗಂಟೆಗೆ 75 ಮೈಲಿ, ಅಂದರೆ 120 ಕಿಲೋಮೀಟರ್.

ಸಿ-10ರ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕು ಎಲ್ಲ ಗಾಡಿಗಳಲ್ಲೂ ಬಂದದ್ದು 1971ರಲ್ಲಿ. ಅದಕ್ಕೂ ಹಿಂದಿನವುಗಳಿಗೆ ಇದ್ದದ್ದು ಡ್ರಮ್ ಬ್ರೇಕು. ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಗಿನಿಂದ ‘ಶೂ’ ಎಂಬ ಬಿಲ್ಲಿನಾಕಾರದ ಪಟ್ಟಿಗಳು ಹೊರಕ್ಕೆ ಒತ್ತುತ್ತವೆ; ತಿರುಗುವ ಡ್ರಮ್ಮು ಮುಂದಿನ ಶೂವನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಹಿಡಿತ ತಾನಾಗಿ ಹೆಚ್ಚುತ್ತದೆ, ಕಾಲಿನ ಅಲ್ಪ ಒತ್ತಡವೂ ಸಾಕಾಗುತ್ತದೆ. ಈ ಜಾಣ್ಮೆಯ ಏರ್ಪಾಟಿಗೆ ಶಾಖವೇ ಶತ್ರು. ಬಿಸಿಯಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಶೂಗಳಿಗೆ ಅಂಟಿಸಿದ ಲೈನಿಂಗ್ ಪದರದ ಘರ್ಷಣೆಯೂ ಕುಗ್ಗುತ್ತದೆ, ಉದ್ದನೆಯ ಇಳಿಜಾರಿನ ಕೊನೆಯಲ್ಲಿ ಪೆಡಲ್ ಕೆಳಗಿಳಿದರೂ ಗಾಡಿ ನಿಲ್ಲುವುದಿಲ್ಲ. ಎರಡೂ ಬದಿಯಿಂದ ಪ್ಯಾಡುಗಳು ಅದುಮುವ ಡಿಸ್ಕಾದರೋ ಗಾಳಿಗೆ ತೆರೆದಿರುತ್ತದೆ, ಬಿಸಿಯಾಗಿ ಹಿಗ್ಗಿದಾಗ ಪ್ಯಾಡುಗಳ ಕಡೆಗೇ ದಪ್ಪವಾಗುತ್ತದೆ. ಆದರೆ ಅದರಲ್ಲಿ ತಾನಾಗಿ ಹೆಚ್ಚುವ ಹಿಡಿತವಿಲ್ಲ. ಹಾಗಾಗಿ ಡಿಸ್ಕು ಹಾಕಿದವರು ಕಾಲಿನ ಬಲವನ್ನು ಹಿಗ್ಗಿಸುವ ಬೂಸ್ಟರನ್ನೂ, ಪೆಡಲಿನ ಒತ್ತಡವನ್ನು ಬ್ರೇಕಿನ ದ್ರವಕ್ಕೆ ದಾಟಿಸುವ ತಕ್ಕ ಮಾಸ್ಟರ್ ಸಿಲಿಂಡರನ್ನೂ ಹಾಕಬೇಕಾಗುತ್ತದೆ.

ಇಲ್ಲಿಯೂ ಖಾಲಿ ಹಿಂಬದಿಯ ಸಮಸ್ಯೆ ಮತ್ತೆ ಎದುರಾಗುತ್ತದೆ. ಬಲವಾಗಿ ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 115 ಅಂಗುಲ ಅಂತರವಿರುವ ಗಿಡ್ಡ ಸಿ-10ರಲ್ಲಿ, ಗುರುತ್ವಕೇಂದ್ರವು ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ, ಜೋರಾದ ಬ್ರೇಕಿಗೆ ಹಿಂಚಕ್ರಗಳ ಮೇಲಿಂದ ಸುಮಾರು 300 ಕಿಲೋ ಭಾರ ಮುಂಚಕ್ರಗಳಿಗೆ ವರ್ಗವಾಗುತ್ತದೆ. ಮೊದಲೇ ಹಗುರವಾಗಿರುವ ಹಿಂಚಕ್ರಗಳು ಆಗ ನೆಲದ ಹಿಡಿತವನ್ನು ಕಳೆದುಕೊಂಡು ತಿರುಗುವುದನ್ನೇ ನಿಲ್ಲಿಸುತ್ತವೆ, ಬಾಲ ಪಕ್ಕಕ್ಕೆ ಜಾರುತ್ತದೆ. ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಮಿತಿಯಲ್ಲಿಡುವ ಒಂದು ಪುಟ್ಟ ವಾಲ್ವು ಇದನ್ನು ತಡೆಯುತ್ತದೆ. ಥಳಥಳಿಸುವ ಚಕ್ರಗಳಿಗೆ ಸಾವಿರಾರು ಡಾಲರು ಸುರಿದವರು ಈ ವಾಲ್ವನ್ನು ಸರಿಯಾಗಿ ಹೊಂದಿಸದೆ ಬಿಡುವುದು ನನಗೆ ಬಹಳ ನೋವಿನ ಸಂಗತಿ.

ಇನ್ನು ಎಂಜಿನ್ನು. ಸಿ-10ಕ್ಕೆ ಹಾಕಲು ಹೆಚ್ಚಿನವರು ಆರಿಸಿಕೊಳ್ಳುವುದು ಜನರಲ್ ಮೋಟಾರ್ಸ್ ಕಂಪನಿಯ ಎಲ್‌ಎಸ್ ಮನೆತನದ ಎಂಜಿನ್ನನ್ನು. ಇದು 1997ರ ಮಾದರಿಯ ಕಾರ್ವೆಟ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಎರಡು ವರ್ಷದ ಬಳಿಕ ಎರಕದ ಕಬ್ಬಿಣದ ಬ್ಲಾಕಿನ 5.3 ಲೀಟರ್ ಟ್ರಕ್ ಎಂಜಿನ್ನಾಗಿಯೂ ಬಂದು, ಈಗ ಗುಜರಿ ಅಂಗಳಗಳಲ್ಲಿ ಹೇರಳವಾಗಿ ಸಿಗುತ್ತದೆ. ಷೆವರ್ಲೆ 1955ರಲ್ಲಿ ಹೊರತಂದ ಎಂಟು ಸಿಲಿಂಡರುಗಳ ಸಣ್ಣ ವಿ-8 ಎಂಜಿನ್ನಿನಲ್ಲಿ ಅಕ್ಕಪಕ್ಕದ ಸಿಲಿಂಡರುಗಳ ನಡುಬಿಂದುಗಳ ಅಂತರ 4.4 ಅಂಗುಲವಿತ್ತು, ನಾಲ್ಕು ದಶಕಗಳ ನಂತರ ಬಹುತೇಕ ಎಲ್ಲವನ್ನೂ ಹೊಸದಾಗಿ ರೂಪಿಸಿದ ಎಂಜಿನಿಯರುಗಳು ಆ ಅಳತೆಯನ್ನು ಹಾಗೆಯೇ ಉಳಿಸಿಕೊಂಡರು. ಕ್ಯಾಮ್‌ಶಾಫ್ಟು (ವಾಲ್ವುಗಳನ್ನು ತೆರೆಯುವ ದಂಡ) ಕೂಡ ಬ್ಲಾಕಿನ ಒಳಗೇ ಉಳಿದುದರಿಂದ ಎಂಜಿನ್ನಿನ ತಲೆ ಅಗಲವಾಗಲಿಲ್ಲ. ಮೊಮ್ಮಗ ಅಜ್ಜನ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲು ಇವೇ ಕಾರಣ.

ಹಳೆಯ ಎಂಜಿನ್ನಿಗೆ ಪೆಟ್ರೋಲು ಉಣಿಸುತ್ತಿದ್ದುದು ಕಾರ್ಬುರೇಟರು. ಕಿರಿದಾದ ಕೊಳವೆಯಲ್ಲಿ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಇಳಿದ ಒತ್ತಡವು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಕಾರ್ಬುರೇಟರು ಗಾಳಿ ಎಷ್ಟು ಜೋರಾಗಿ ಹರಿಯುತ್ತಿದೆ ಎಂಬುದನ್ನಷ್ಟೇ ಅರಿಯುತ್ತದೆ, ಆ ಗಾಳಿ ಎಷ್ಟು ತೆಳುವಾಗಿದೆ ಎಂಬುದನ್ನು ಸರಿಯಾಗಿ ಅರಿಯದು. ಹಾಗಾಗಿ ಸಮುದ್ರಮಟ್ಟದಲ್ಲಿ ಹೊಂದಿಸಿದ ಗಾಡಿಯನ್ನು 1600 ಮೀಟರ್ ಎತ್ತರದ ಡೆನ್ವರ್ ನಗರಕ್ಕೆ ಒಯ್ದರೆ, ಅಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 15ರಷ್ಟು ಕಡಿಮೆಯಿರುವುದರಿಂದ ಪೆಟ್ರೋಲು ಹೆಚ್ಚಾಗಿ ಹೊಗೆ ಕಾರುತ್ತದೆ. ಹೊಸ ಎಂಜಿನ್ನು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಮರುಕ್ಷಣವೇ ಪೆಟ್ರೋಲನ್ನು ತಿದ್ದಿಕೊಳ್ಳುತ್ತದೆ. ಈ ಆಮ್ಲಜನಕ ಸಂವೇದಕವನ್ನು ಜರ್ಮನಿಯ ಬಾಷ್ ಕಂಪನಿ 1976ರಲ್ಲಿ ವೋಲ್ವೊ ಕಾರುಗಳಿಗೆ ಮೊದಲು ಒದಗಿಸಿತು. ಬೆಂಗಳೂರಿನವರು ಮೈಕೋ ಎಂದು ಬಲ್ಲ ಕಾರ್ಖಾನೆಯ ಮಾತೃಸಂಸ್ಥೆ ಅದೇ.

ಎಂಜಿನ್ನು ಕೂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾರ್ಬುರೇಟರಿಗೆ ಚದರ ಅಂಗುಲಕ್ಕೆ ಆರೇಳು ಪೌಂಡು ಒತ್ತಡದ ಪೆಟ್ರೋಲು ಸಾಕಾಗಿತ್ತು, ಹೊಸ ಎಂಜಿನ್ನಿನಲ್ಲಿ ಪೆಟ್ರೋಲನ್ನು ಚಿಮುಕಿಸುವ ಇಂಜೆಕ್ಷನ್ನಿಗೆ ಸುಮಾರು 58 ಪೌಂಡು ಬೇಕು. ಆದ್ದರಿಂದ ಪಂಪು ಬದಲಾಗಬೇಕು, ಕೊಳವೆ ಬದಲಾಗಬೇಕು, ಕೊನೆಗೆ ಟ್ಯಾಂಕೂ ಬದಲಾಗಬೇಕು. ಆ ಕಾಲದ ಸಿ-10ಗಳಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ನಿನ ಒಳಗೇ ಇತ್ತು. ಅದನ್ನು ಅಲ್ಲಿಂದ ತೆಗೆದು ಹಿಂಬದಿಯ ತೊಟ್ಟಿಯ ಅಡಿಗೆ ಸಾಗಿಸುವುದೇ ಇಡೀ ಕೆಲಸದಲ್ಲಿ ಅತ್ಯಂತ ವಿವೇಕದ ಬದಲಾವಣೆ ಎಂದು ನಾನು ತಿಳಿಯುತ್ತೇನೆ. ಹೊಸ ಎಂಜಿನ್ನಿನ ಬಲಕ್ಕೆ ಗಾಡಿಯ ಅಡಿಯ ಚೌಕಟ್ಟಾದ ಹಳೆಯ ಚಾಸಿಯ ತೆರೆದ ತೊಲೆಗಳು ತಿರುಚಿಕೊಳ್ಳುತ್ತವೆ. ಮೂರು ಬದಿ ಮಾತ್ರ ಇರುವ ತೊಲೆಗೆ ನಾಲ್ಕನೆಯ ಬದಿಯ ತಗಡನ್ನು ಬೆಸೆದು ಪೆಟ್ಟಿಗೆಯಂತೆ ಮಾಡಿದರೆ ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ ನೂರಾರು ಪಟ್ಟು ಹೆಚ್ಚುತ್ತದೆ. ಎಂಜಿನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ.

ಗೇರ್‌ಪೆಟ್ಟಿಗೆಯ ಲೆಕ್ಕ ಸರಳ. ಹಿಂದಿನ ಅಚ್ಚಿನ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಗೇರ್‌ಪೆಟ್ಟಿಗೆಯಿಂದ ಬರುವ ದಂಡದ 3.73 ಸುತ್ತು), ಟೈರಿನ ವ್ಯಾಸ 28 ಅಂಗುಲ ಎಂದಿಟ್ಟುಕೊಂಡರೆ, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಂಜಿನ್ನೂ ಆ ದಂಡವೂ ಸಮನಾಗಿ ತಿರುಗುವ ಹಳೆಯ ಮೂರನೆಯ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು 3060 ಸುತ್ತು ತಿರುಗುತ್ತದೆ, 0.7 ಅನುಪಾತದ ಓವರ್‌ಡ್ರೈವ್ ಗೇರಿನಲ್ಲಿ ಅದು 2140ಕ್ಕೆ ಇಳಿಯುತ್ತದೆ. ಸದ್ದೂ ಸವೆತವೂ ಪೆಟ್ರೋಲಿನ ಖರ್ಚೂ ಒಟ್ಟಿಗೆ ತಗ್ಗುತ್ತವೆ.

ಎಷ್ಟು ಖರ್ಚು ಮಾಡಿದರೂ ಹೊಸದಾಗದ ಭಾಗವೊಂದಿದೆ. ಇಂದಿನ ಗಾಡಿಗಳ ಮುಂಭಾಗ ಅಪಘಾತದಲ್ಲಿ ಲೆಕ್ಕಾಚಾರದಂತೆ ಮುದುಡಿ, ಪೆಟ್ಟಿನ ಬಲವನ್ನು ತಾನು ನುಂಗಿಕೊಳ್ಳುತ್ತದೆ. ಹಳೆಯ ಟ್ರಕ್ಕಿನ ದಪ್ಪ ಉಕ್ಕು ಹಾಗೆ ಮುದುಡುವುದಿಲ್ಲ, ಆ ಪೆಟ್ಟು ಒಳಗೆ ಕುಳಿತವರಿಗೆ ತಲಪುತ್ತದೆ. ಭುಜದ ಮೇಲೆ ಹಾಯುವ ಸೀಟ್ ಬೆಲ್ಟನ್ನೂ ಕುಸಿಯಬಲ್ಲ ಸ್ಟಿಯರಿಂಗ್ ಕಂಬವನ್ನೂ ಅಳವಡಿಸಿದರೆ ಅಪಾಯ ಸ್ವಲ್ಪ ತಗ್ಗೀತು. ದಿನವೂ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ತಿಳಿದೇ ನಿರ್ಧಾರ ಮಾಡಬೇಕು.

ಫೋರ್ಡ್ ಕಂಪನಿಯು 2021ರ ನವೆಂಬರಿನಲ್ಲಿ ಲಾಸ್ ವೇಗಾಸಿನ ಸೀಮಾ ಎಂಬ ವಾಹನ ಬಿಡಿಭಾಗಗಳ ಪ್ರದರ್ಶನದಲ್ಲಿ ತನ್ನದೇ 1978ರ ಎಫ್-100 ಪಿಕಪ್ಪನ್ನು ಎರಡು ವಿದ್ಯುತ್ ಮೋಟಾರುಗಳೊಂದಿಗೆ ತಂದು ನಿಲ್ಲಿಸಿತು. ಅದರ ಬಲ 480 ಅಶ್ವಶಕ್ತಿ. ಹಳೆಯ ಪಿಕಪ್ಪನ್ನು ಹೀಗೆ ವಿದ್ಯುತ್ತಿಗೆ ಬದಲಿಸುವಾಗ, ನೂರಾರು ಕಿಲೋ ತೂಗುವ ಬ್ಯಾಟರಿಯನ್ನು ತೊಟ್ಟಿಯ ಅಡಿಯಲ್ಲಿ, ಚಾಸಿಯ ತೊಲೆಗಳ ನಡುವೆ ಇರಿಸಿದರೆ ಆ ಭಾರದ ಬಹುಪಾಲು ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ. ಕುಲುಕಾಟ ತಗ್ಗುತ್ತದೆ, ಬ್ರೇಕ್ ಒತ್ತಿದಾಗ ಹಿಂಚಕ್ರಗಳ ಹಿಡಿತವೂ ಹೆಚ್ಚು ಹೊತ್ತು ಉಳಿಯುತ್ತದೆ. ಅರ್ಧ ಟನ್ ಸರಕಿಗೆಂದು ಬಿಗಿದಿದ್ದ ಆ ಸ್ಪ್ರಿಂಗುಗಳ ಮೇಲೆ ಆಗ ಪ್ರತಿದಿನವೂ ಒಂದು ಹೊರೆ ಕುಳಿತಿರುತ್ತದೆ.