ಕಂದು ಚಿಟ್ಟೆಗೆ ಹೆಸರು ಹುಡುಕುವಾಗ: ಹರ್ಮ್ಯುಪ್ಟಿಕಿಯಾ ಟಿಪ್ಪಣಿ

ಚಿಕ್ಕಪ್ಪನ ಮಗ ಬ್ರೆಜಿಲ್‌ನ ಕಾಂಪಿನಾಸ್‌ನಲ್ಲಿ ಓದುತ್ತಿದ್ದಾನೆ. ಈಚೆಗೆ ಮೂರು ಫೋಟೋ ಕಳಿಸಿದ್ದ. ಜೊತೆಗೆ ಒಂದೇ ಸಾಲು: "ಅಕ್ಕಾ, ನಮ್ಮೂರಿನ ಚಿಟ್ಟೆ ಇಲ್ಲೂ ಇದೆ ನೋಡು."

ನೋಡಿದೆ. ಹುಲ್ಲಿನ ಗರಿಯ ಮೇಲೆ ರೆಕ್ಕೆ ಮುಚ್ಚಿ ಕೂತ ಪುಟ್ಟ ಕಂದು ಚಿಟ್ಟೆ. ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳು. ಥಟ್ಟನೆ ನನಗೂ ನಮ್ಮ ಬದುವಿನ ಮೇಲೆ ಕುಪ್ಪಳಿಸಿ ಹಾರುವ ಫೈವ್‌ರಿಂಗ್ ಅನ್ನಿಸಿತು. ಆದರೆ ಫೈವ್‌ರಿಂಗ್ ಸೇರಿರುವ ಇಪ್ತಿಮಾ ಕುಲ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ಕಡೆಯದು. ದಕ್ಷಿಣ ಅಮೆರಿಕದಲ್ಲಿ ಅದು ಇಲ್ಲವೇ ಇಲ್ಲ. ಹಾಗಾದರೆ ಇದು ಯಾವುದು? ಆ ಹುಡುಕಾಟದಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಕಂದು ಚಿಟ್ಟೆ ಕಂಡರೆ "ಎಲ್ಲಾ ಒಂದೇ ಥರ ಇವೆ" ಅಂತ ಪುಟ ತಿರುಗಿಸುವ ನನ್ನಂಥವರಿಗೆ ಉಪಯೋಗವಾಗಬಹುದು. (ಜೀನಸ್‌ಗೆ ಕುಲ, ಸ್ಪೀಷೀಸ್‌ಗೆ ಪ್ರಭೇದ ಅಂತ ಬಳಸಿದ್ದೇನೆ.)

ಮೊದಲು ಮನೆತನ ತಿಳಿಯಬೇಕು. ಚಿಟ್ಟೆ ನಾಲ್ಕೇ ಕಾಲಿನ ಮೇಲೆ ನಿಂತಂತೆ ಕಂಡರೆ ಅದು ಬಹುಪಾಲು ನಿಂಫಾಲಿಡೇ ಕುಟುಂಬದ್ದು. ಮುಂದಿನ ಎರಡು ಕಾಲು ಗಿಡ್ಡವಾಗಿ ಎದೆಗೆ ಒತ್ತಿಕೊಂಡಿರುತ್ತವೆ, ನಡೆಯಲು ಬರುವುದಿಲ್ಲ. ಈ ಕುಟುಂಬದೊಳಗೆ ಸಟೈರಿನೇ ಅನ್ನುವ ಉಪಕುಟುಂಬವಿದೆ. ಬಣ್ಣ ಹೆಚ್ಚಾಗಿ ಕಂದು, ಕೆಳಮೈಯಲ್ಲಿ (ರೆಕ್ಕೆ ಮುಚ್ಚಿ ಕೂತಾಗ ನಮಗೆ ಕಾಣುವ ಬದಿ) ಕಣ್ಚುಕ್ಕೆ. ಮುಂದಿನ ರೆಕ್ಕೆಯ ಬುಡದಲ್ಲಿ ಒಂದೆರಡು ನರ ಊದಿಕೊಂಡಿರುತ್ತವೆ. ಹುಳುಗಳು ಸಾಮಾನ್ಯವಾಗಿ ಹುಲ್ಲು ತಿಂದು ಬೆಳೆಯುತ್ತವೆ. ಸಂಜೆ ದೀಪ ಹಚ್ಚಿದಾಗ ಮನೆಯೊಳಗೆ ನುಗ್ಗಿ ಗೋಡೆಗೆ ಅಂಟಿಕೊಳ್ಳುತ್ತದಲ್ಲ, ಈವ್ನಿಂಗ್ ಬ್ರೌನ್, ಅದೂ ಇದೇ ಬಳಗ. ಬುಷ್‌ಬ್ರೌನ್, ಫೈವ್‌ರಿಂಗ್ ಕೂಡ. ಅಂದರೆ ತಮ್ಮನ ಕಣ್ಣು ಪೂರ್ತಿ ಮೋಸ ಹೋಗಿಲ್ಲ. ನೆಂಟಸ್ತಿಕೆ ಇದೆ, ಸ್ವಲ್ಪ ದೂರದ್ದು ಅಷ್ಟೇ.

ಅಮೆರಿಕ ಖಂಡಗಳ ಪುಟ್ಟ ಕಂದು ಸಟೈರ್‌ಗಳಲ್ಲಿ ಬಹಳಷ್ಟು ಯೂಪ್ಟಿಕಿಯೈನಾ ಗುಂಪಿನವು. ಪೂರ್ವ ಏಷ್ಯಾದ ಒಂದನ್ನು ಬಿಟ್ಟರೆ ಈ ಗುಂಪು ಪೂರ್ತಿ ಅಮೆರಿಕದ್ದೇ. ಇದರಲ್ಲಿ ಇಪ್ತಿಮಾಯ್ಡೀಸ್ ಅಂತ ಒಂದು ಕುಲವಿದೆ, ಹೆಸರಿನ ಅರ್ಥವೇ "ಇಪ್ತಿಮಾ ಥರದ್ದು". ಇಪ್ತಿಮಾ ನೋಡಿದವರಿಗೆ ಅಲ್ಲೂ ಅದೇ ಕಾಣುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಈ ಮಾತು ಹೇಳಿದ ಮೇಲೆ ತಮ್ಮನಿಗೆ ಸ್ವಲ್ಪ ಸಮಾಧಾನ ಆಯಿತು.

ಈಗ ಫೋಟೋಕ್ಕೆ ಬರೋಣ. ನಾನು ಮಾಡಿದ ಮೊದಲ ತಪ್ಪು ಬಣ್ಣದಿಂದ ಶುರು ಮಾಡಿದ್ದು. ಕಂದು ಅನ್ನುವುದು ಇಲ್ಲಿ ಗುರುತೇ ಅಲ್ಲ. ಬಿಸಿಲಲ್ಲಿ ಕಂದು ಕೆಂಪಾಗುತ್ತದೆ, ನೆರಳಲ್ಲಿ ಬೂದಿಯಾಗುತ್ತದೆ, ಹಳೇ ಚಿಟ್ಟೆಯಲ್ಲಿ ಹುರುಪೆ ಉದುರಿ ಮಾಸುತ್ತದೆ. ಇನ್ನೊಂದು ವಿಷಯ. ರೆಕ್ಕೆ ಮುಚ್ಚಿದಾಗ ಕಂದು ಕಂಡರೆ ಒಳಗೂ ಕಂದೇ ಇರಬೇಕಂತಿಲ್ಲ. ದಕ್ಷಿಣ ಅಮೆರಿಕದ ಪ್ರಸಿದ್ಧ ನೀಲಿ ಮಾರ್ಫೋ ರೆಕ್ಕೆ ಮುಚ್ಚಿ ಕೂತರೆ ಕಂದು ಬಣ್ಣದ, ಕಣ್ಚುಕ್ಕೆಯ ಚಿಟ್ಟೆ. ಮಾರ್ಫೋ ಅಂಗೈಯಷ್ಟು ದೊಡ್ಡದು, ಹಾಗಾಗಿ ಇಲ್ಲಿ ಗೊಂದಲ ಆಗಲಿಲ್ಲ. ಆದರೂ ಮೇಲ್ಮೈಯ ಒಂದು ಫೋಟೋ ಕೇಳಿ ತರಿಸಿಕೊಳ್ಳಿ.

ತಮ್ಮನ ಮೂರನೇ ಫೋಟೋದಲ್ಲಿ ಮೇಲ್ಮೈ ಕಾಣುತ್ತದೆ. ಬರೀ ಕಂದು, ಒಂದು ಚುಕ್ಕೆಯೂ ಇಲ್ಲ. ನಮ್ಮ ಫೈವ್‌ರಿಂಗ್‌ನ ಮೇಲ್ಮೈಯಲ್ಲಿ, ಮುಂದಿನ ರೆಕ್ಕೆಯ ತುದಿ ಹತ್ತಿರ, ಎದ್ದು ಕಾಣುವ ಒಂದು ದೊಡ್ಡ ಕಣ್ಚುಕ್ಕೆ ಇರುತ್ತದೆ. ಇಲ್ಲಿ ಅದು ಕಾಣೆ. ಅಲ್ಲಿಗೆ ಇಪ್ತಿಮಾ ಮಾತು ಮುಗಿಯಿತು.

ಕೆಳಮೈಯನ್ನು ಬುಡದಿಂದ ಅಂಚಿನ ಕಡೆಗೆ ಓದುವುದು ನನಗೆ ಸುಲಭ ಅನ್ನಿಸುತ್ತದೆ. ಸೀರೆ ಮಡಿಕೆ ಬಿಡಿಸುತ್ತಾ ಅಂಚು ನೋಡಿದ ಹಾಗೆ. ಮೊದಲು ಮಾಸಲು ಕಂದು ನೆಲ. ಅದರ ಮೇಲೆ ಎರಡೂ ರೆಕ್ಕೆಯನ್ನು ಅಡ್ಡಲಾಗಿ ದಾಟುವ ಎರಡು ತೆಳು ಗಾಢ ಗೆರೆ. ಗೆರೆ ನೇರವೋ, ಅಂಕುಡೊಂಕೋ, ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಹೊಂದಿಕೊಂಡು ಹೋಗುತ್ತದೋ, ಬರೆದುಕೊಳ್ಳಿ. ಹೊರಗಿನ ಗೆರೆ ದಾಟಿದ ಮೇಲೆ ಕಣ್ಚುಕ್ಕೆ ಸಾಲು. ಆಮೇಲೆ ಅಂಚಿಗೆ ಸಮಾನಾಂತರವಾಗಿ ಅಲೆಯಂಥ ಸಣ್ಣ ಗೆರೆಗಳು.

ಕಣ್ಚುಕ್ಕೆ ಎಣಿಸುವುದಕ್ಕೂ ಒಂದು ಕ್ರಮವಿದೆ. ಸುಮ್ನೆ "ಆರು ಚುಕ್ಕೆ" ಅಂದರೆ ಯಾರಿಗೂ ಪ್ರಯೋಜನವಿಲ್ಲ. ರೆಕ್ಕೆಯ ನರಗಳ ನಡುವೆ ಅಂಕಣ ಅಂಕಣವಾಗಿ ಜಾಗಗಳಿವೆ, ಒಂದೊಂದು ಅಂಕಣಕ್ಕೂ ಹೆಸರಿದೆ. ಯಾವ ಅಂಕಣದಲ್ಲಿ ಚುಕ್ಕೆ ದೊಡ್ಡದು, ಯಾವುದರಲ್ಲಿ ಬರೀ ಚುಕ್ಕಿ, ಯಾವುದು ಖಾಲಿ, ಇದು ಮುಖ್ಯ. ನಂತರ ಒಂದೊಂದು ಚುಕ್ಕೆಯ ಒಳಗೆ ನೋಡಿ: ಹೊರಗೆ ಹಳದಿ ಉಂಗುರ, ಒಳಗೆ ಕಪ್ಪು, ಕಪ್ಪಿನ ನಡುವೆ ಬೆಳ್ಳಿಯಂತೆ ಹೊಳೆಯುವ ಕಣ್ಣುಪಾಪೆ. ಪಾಪೆ ಒಂದೋ ಎರಡೋ ಅಂತಲೂ ನೋಡಬೇಕು. ಫೋಟೋ ಜೂಮ್ ಮಾಡಿ ಇದನ್ನೆಲ್ಲಾ ಬರೆಯುವಷ್ಟರಲ್ಲಿ ಕಾಫಿ ಆರಿ ಹೋಗಿತ್ತು.

ಇಷ್ಟು ಹಿಡಿದು ಹೋದಾಗ ಸಿಕ್ಕ ಉತ್ತರ ಹರ್ಮ್ಯುಪ್ಟಿಕಿಯಾ. ರೆಕ್ಕೆ ಬಿಚ್ಚಿದರೆ ಸುಮಾರು 3 ರಿಂದ 3.5 ಸೆಂಟಿಮೀಟರ್. ಮೇಲೆ ಗುರುತಿಲ್ಲದ ಕಂದು, ಕೆಳಗೆ ಎರಡು ಗೆರೆ, ಕಣ್ಚುಕ್ಕೆ ಸಾಲು. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಿಂದ ಹಿಡಿದು ಅರ್ಜೆಂಟೀನಾದವರೆಗೆ ಈ ಕುಲ ಹಬ್ಬಿದೆ. ದಟ್ಟ ಕಾಡೇ ಬೇಕು ಅಂತೇನಿಲ್ಲ. ರಸ್ತೆ ಬದಿ, ಪಾರ್ಕು, ಕಾಡಿನ ಅಂಚು, ಹುಲ್ಲಿದ್ದರೆ ಸಾಕು. ಕೊಳೆತ ಹಣ್ಣಿಗೂ ಬರುತ್ತವೆ. ಅಲ್ಲಿನ ಸಂಶೋಧಕರು ಬಾಳೆಹಣ್ಣನ್ನು ಕಬ್ಬಿನ ಹಾಲಿನಲ್ಲಿ ಕಿವುಚಿ, ಎರಡು ದಿನ ಹುಳಿಯಲು ಬಿಟ್ಟು, ಬಲೆಯ ಗೂಡಿನೊಳಗೆ ಇಟ್ಟು ಇಂಥ ಚಿಟ್ಟೆಗಳನ್ನು ಹಿಡಿಯುತ್ತಾರೆ.

ನಾನು ಖುಷಿಯಲ್ಲಿ "ಹರ್ಮ್ಯುಪ್ಟಿಕಿಯಾ ಹರ್ಮಿಸ್" ಅಂತ ಪೂರ್ತಿ ಹೆಸರೇ ಬರೆದು ಕಳಿಸಿಬಿಟ್ಟೆ. ಎರಡನೇ ತಪ್ಪು ಇದು. ಅದೂ ಹೇಗೆ ಆಯಿತು ಅಂತ ಹೇಳುತ್ತೇನೆ, ಯಾಕಂದರೆ ಈ ಟಿಪ್ಪಣಿಯ ತಿರುಳು ಅಲ್ಲೇ ಇದೆ.

ಹರ್ಮಿಸ್ ಹಳೇ ಹೆಸರು. 1775ರಲ್ಲಿ ಡೆನ್ಮಾರ್ಕಿನ ಫ್ಯಾಬ್ರೀಸಿಯಸ್ ಇದಕ್ಕೆ ಪ್ಯಾಪಿಲಿಯೋ ಹರ್ಮಿಸ್ ಅಂತ ಹೆಸರಿಟ್ಟರು. ಆಗ ಚಿಟ್ಟೆ ಅಂದರೆ ಎಲ್ಲವೂ ಪ್ಯಾಪಿಲಿಯೋ. 1964ರಲ್ಲಿ ಫೋರ್ಸ್ಟರ್ ಇದಕ್ಕಾಗಿ ಹರ್ಮ್ಯುಪ್ಟಿಕಿಯಾ ಕುಲ ಮಾಡಿದರು. ಆಮೇಲೆ ಬಹಳ ವರ್ಷ, ಇಂಥ ಚಿಟ್ಟೆ ಎಲ್ಲಿ ಕಂಡರೂ ಹರ್ಮಿಸ್ ಅಂತ ಬರೆದು ಮುಗಿಸುವ ರೂಢಿ ಇತ್ತು. ಮ್ಯೂಸಿಯಂ ಪೆಟ್ಟಿಗೆಗಳಲ್ಲೂ ಅದೇ ಚೀಟಿ.

2014ರಲ್ಲಿ ಈ ರೂಢಿ ಅಲ್ಲಾಡಿತು. ಬ್ರೆಜಿಲ್‌ನ ಸಂಶೋಧಕರು ಕುಲದ ಡಿಎನ್‌ಎ ನೋಡಿದಾಗ, ಒಂದೇ ಥರ ಕಾಣುವ ಚಿಟ್ಟೆಗಳೊಳಗೆ ಹಲವು ಪ್ರಭೇದ ಅಡಗಿರುವುದು ಗೊತ್ತಾಯಿತು. ಅದೇ ವರ್ಷ ಕಾಂಗ್ ಮತ್ತು ಗ್ರಿಶಿನ್ ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಎರಡು ಹೊಸ ಪ್ರಭೇದ ವಿವರಿಸಿದರು. ಅದರಲ್ಲಿ ಇಂಟ್ರಿಕೇಟಾ ಅನ್ನುವುದು, ಎಲ್ಲರಿಗೂ ಗೊತ್ತಿದ್ದ, ಇದೇ ಕುಲದ ಕ್ಯಾರೊಲಿನಾ ಸಟೈರ್ ಜೊತೆಗೇ, ಅದೇ ಜಾಗದಲ್ಲಿ, ಅದೇ ಕಾಲದಲ್ಲಿ ಹಾರುತ್ತಿತ್ತು. ಅಷ್ಟು ಜನ ಚಿಟ್ಟೆ ನೋಡುವ ದೇಶದಲ್ಲೇ ಕಣ್ಣೆದುರಿಗೆ ಇದ್ದದ್ದು ತಪ್ಪಿಸಿಕೊಂಡಿತ್ತು! ಎರಡನೆಯದು ದಕ್ಷಿಣ ಟೆಕ್ಸಸ್‌ನದು. ಅದನ್ನು ಅಲ್ಲಿಯವರೆಗೆ ಹರ್ಮಿಸ್ ಅನ್ನುತ್ತಿದ್ದರು.

ಹಾಗಾದರೆ ಬೇರೆ ಮಾಡುವುದು ಹೇಗೆ? ಒಂದು, ಗಂಡಿನ ಜನನಾಂಗದ ಆಕಾರ. ಹೊಟ್ಟೆಯ ತುದಿ ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿ, ಮೆತ್ತನೆಯ ಭಾಗ ಕರಗಿದ ಮೇಲೆ ಉಳಿದ ಗಟ್ಟಿ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋಡಿದ ಮೇಲೆ ಎಸೆಯುವುದಿಲ್ಲ. ಗ್ಲಿಸರಿನ್ ತುಂಬಿದ ಪುಟಾಣಿ ಶೀಶೆಯಲ್ಲಿ ಹಾಕಿ ಅದೇ ಚಿಟ್ಟೆಯ ಜೊತೆಗೇ ಇಡುತ್ತಾರೆ. ಇನ್ನೊಂದು, ಡಿಎನ್‌ಎ ಬಾರ್‌ಕೋಡ್. ಒಂದು ಕಾಲು ಕಿತ್ತುಕೊಂಡರೆ ಸಾಕು, ಸಿಒಐ ಅನ್ನುವ ಜೀನಿನ 658 ಅಕ್ಷರಗಳ ತುಂಡು ಓದಿ ಹೋಲಿಸಬಹುದು. ಕಣ್ಚುಕ್ಕೆ ಗಾತ್ರ ನಂಬಿ ಪ್ರಭೇದ ಹೇಳುವುದು ಇಲ್ಲಿ ಅಪಾಯ, ಒಂದೇ ಪ್ರಭೇದದೊಳಗೂ ಅದು ಬದಲಾಗುತ್ತದೆ. ನಮ್ಮ ಬುಷ್‌ಬ್ರೌನ್‌ಗಳನ್ನೇ ನೋಡಿ. ಮಳೆಗಾಲದಲ್ಲಿ ಕಣ್ಚುಕ್ಕೆ ಢಾಳಾಗಿರುತ್ತದೆ, ಬೇಸಿಗೆಯಲ್ಲಿ ಅದೇ ಪ್ರಭೇದದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹೊಸ ಪ್ರಭೇದದ ವಿವರಣೆ ಓದುವಾಗ ಎರಡು ಮಾತು ಬೇರೆಬೇರೆ ಅಂತ ನೆನಪಿಡಿ. "ಡಯಾಗ್ನೋಸಿಸ್" ಅಂದರೆ ಇದು ಪಕ್ಕದ ಪ್ರಭೇದಕ್ಕಿಂತ ಹೇಗೆ ಬೇರೆ ಅನ್ನುವ ನಾಲ್ಕಾರು ಸಾಲು. "ಡಿಸ್ಕ್ರಿಪ್ಷನ್" ಅಂದರೆ ತಲೆಯಿಂದ ಜನನಾಂಗದವರೆಗೆ ಪೂರ್ತಿ ವರ್ಣನೆ. ಆತುರ ಇದ್ದರೆ ಮೊದಲನೆಯದನ್ನೇ ಓದಿ. "ಹೋಲೋಟೈಪ್" ಅಂದರೆ ಹೆಸರಿಗೆ ಆಧಾರವಾದ ಒಂದೇ ಒಂದು ಚಿಟ್ಟೆ, ಅದಕ್ಕೆ ಸಾಮಾನ್ಯವಾಗಿ ಕೆಂಪು ಚೀಟಿ ಹಾಕಿರುತ್ತಾರೆ. ಮುಂದೆ ಜಗಳ ಬಂದರೆ ಎಲ್ಲರೂ ವಾಪಸ್ ಹೋಗುವುದು ಆ ಚಿಟ್ಟೆಯ ಹತ್ತಿರ.

ಬ್ರೆಜಿಲ್‌ನ ಆಗ್ನೇಯ ಭಾಗದಲ್ಲಿ ಈ ಕುಲದ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ. ತಮ್ಮನ ಹತ್ತಿರ ಇರುವುದು ಫೋಟೋ ಮಾತ್ರ. ಸಂಶೋಧನೆಗೆ ಚಿಟ್ಟೆ ಹಿಡಿಯಲು ಅಲ್ಲಿ ಸರ್ಕಾರದ ಅನುಮತಿ ಬೇಕು, ಬೇಡ ಅಂತ ನಾನೇ ಹೇಳಿದೆ. ಕೊನೆಗೆ ಇಬ್ಬರೂ ಸೇರಿ ಬರೆದದ್ದು ಇಷ್ಟು:

"ಕಾಂಪಿನಾಸ್, ರಸ್ತೆ ಬದಿಯ ಹುಲ್ಲು, ನೆಲದಿಂದ ಒಂದು ಅಡಿ ಎತ್ತರ. ಮೇಲ್ಮೈ ಕಂದು, ಕಣ್ಚುಕ್ಕೆ ಇಲ್ಲ. ಕೆಳಮೈಯಲ್ಲಿ ಎರಡು ಗಾಢ ಗೆರೆ. ಹಿಂದಿನ ರೆಕ್ಕೆಯಲ್ಲಿ ಕಣ್ಚುಕ್ಕೆ ಸಾಲು, ಹಳದಿ ಉಂಗುರ, ಬೆಳ್ಳಿ ಪಾಪೆ. ಬಲ ರೆಕ್ಕೆಯ ಅಂಚು ಹರಿದಿದೆ. ಹರ್ಮ್ಯುಪ್ಟಿಕಿಯಾ, ಪ್ರಭೇದ ಗುರುತಿಸಿಲ್ಲ."

ಕಳಿಸಿದ ಹತ್ತು ನಿಮಿಷಕ್ಕೆ ಅವನಿಂದ ಮೆಸೇಜ್: "ಇಷ್ಟೆಲ್ಲಾ ಮಾಡಿ ಪೂರ್ತಿ ಹೆಸರು ಸಿಗಲಿಲ್ವಾ ಅಕ್ಕಾ?" ಜೊತೆಗೆ ಇನ್ನೂ ಐದು ಫೋಟೋ. ಎಲ್ಲವೂ ಕಂದು.